ಆವಿ ಕೊಡದ ಗೂಡು

ಹೋದ ತಿಂಗಳು ನಮ್ಮೂರ ಶಾಲೆಯ ಅಡುಗೆಮನೆಯಲ್ಲಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಎದ್ದ ವಾಸನೆ ಇನ್ನೂ ನನ್ನ ಸೆರಗಿನಲ್ಲಿದೆ ಅನ್ನಿಸುತ್ತದೆ. ಸೀರೆಯನ್ನು ಎರಡು ಸಲ ಒಗೆದೆ, ಬಿಸಿಲಿಗೆ ಹಾಕಿದೆ. ವಾಸನೆ ಹೋಗಿದೆ ಎಂದು ಮನೆಯವರು ಹೇಳುತ್ತಾರೆ. ನನಗೆ ಹೋಗಿಲ್ಲ. ಪಾತ್ರೆಯಲ್ಲಿದ್ದದ್ದು ಇಡ್ಲಿಯಲ್ಲ, ರೇಷ್ಮೆಗೂಡು. ನೂಲು ಬಿಚ್ಚುವ ಕಾರ್ಖಾನೆಯ ಪಕ್ಕ ಬಸ್ಸಿನಲ್ಲಿ ಹಾದುಹೋದವರಿಗೆ ಆ ವಾಸನೆ ಗೊತ್ತಿರುತ್ತದೆ. ಒದ್ದೆ ಕಂಬಳಿ, ಹಳೇ ಎಣ್ಣೆ, ಸತ್ತ ಹುಳು, ಎಲ್ಲ ಸೇರಿದ ಹಾಗೆ…

ನಾನು ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ನಮ್ಮ ಮೇಷ್ಟರಿಗೆ ವರ್ಗವಾಗಿ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಅಂಗಡಿಯ ಪ್ಲಾಸ್ಟಿಕ್ ಹಾರ ಬೇಡ, ನಾವೇ ಕೈಯಾರೆ ಮಾಡುತ್ತೇವೆ ಎಂದು ಮಕ್ಕಳು ಹಟ ಹಿಡಿದವು. ಈಗ ನಮ್ಮೂರಲ್ಲಿ ರೇಷ್ಮೆ ಸಾಕುವ ಮನೆ ಎರಡೇ. ಅದರಲ್ಲಿ ಒಂದು ಮನೆಯ ಹುಡುಗಿ ಒಂದು ಮೊರದ ತುಂಬ ಗೂಡು ತಂದು ನನ್ನ ಒಲೆಯ ಪಕ್ಕ ಇಟ್ಟು, ಇದಕ್ಕೆ ಆವಿ ಕೊಡಬೇಕಂತೆ ಅಜ್ಜಿ ಎಂದಳು. ಮೊರವನ್ನು ಕೈಗೆ ತೆಗೆದುಕೊಂಡೆ. ಹಳದಿ ಗೂಡು, ತೂಕವೇ ಇಲ್ಲ.

ನನ್ನ ತಂಗಿಯ ವಿಷಯ ಎಲ್ಲಾದರೂ ಒಂದು ಕಡೆ ಬರೆದಿಡಬೇಕು ಅಂದುಕೊಂಡು ಬಹಳ ವರ್ಷವಾಯಿತು. ಬರೆಯುವುದು ನನಗೆ ಅಭ್ಯಾಸವಿಲ್ಲ. ಒಂದು ಪುಟಕ್ಕೆ ಒಂದು ದಿನ ಬೇಕಾಗುತ್ತದೆ. ಆದರೆ ಬಾಯಲ್ಲಿ ಹೇಳಲು ಆಗದೇ ಹೋದದ್ದನ್ನು ಇನ್ನು ಹೀಗಲ್ಲದೆ ಬೇರೆ ಹೇಗೂ ಹೇಳಲಾರೆ.

ಆಗಿನ್ನೂ ಚಾಮರಾಜನಗರ ಜಿಲ್ಲೆಯಾಗಿರಲಿಲ್ಲ. ಹರವೆ ಕಡೆಯ ನಮ್ಮ ಹಳ್ಳಿಯಲ್ಲಿ ಅರ್ಧ ಊರು ರೇಷ್ಮೆ ಸಾಕುತ್ತಿತ್ತು. ನಮ್ಮದು ಎರಡು ಅಂಕಣದ ಮನೆ. ಒಂದು ಅಂಕಣ ಹುಳುವಿಗೆ, ಇನ್ನೊಂದು ನಮಗೆ. ಅವ್ವನಿಗೆ ಗೂರಲು. ಹುಳುವಿನ ಹಿಕ್ಕೆಯ ಗಾಳಿ ತಾಗಿದರೆ ಸಾಕು, ಉಸಿರು ಹಿಡಿದುಕೊಳ್ಳುತ್ತಿತ್ತು. ಹಾಗಾಗಿ ನನ್ನನ್ನು ಆರನೇ ಕ್ಲಾಸಿಗೆ ಬಿಡಿಸಿದರು. ತಂಗಿ ಆಗ ಎರಡನೇ ಕ್ಲಾಸು. ಒಬ್ಬಳಾದರೂ ಓದಲಿ ಎಂದು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಅವಳು ಚಿಕ್ಕವಳು, ಹುಳುವಿನ ತಟ್ಟೆ ಎತ್ತಲಾರಳು, ಅಷ್ಟೇ. ತಟ್ಟೆ ಎತ್ತುವಷ್ಟು ದೊಡ್ಡವಳಾಗುವ ಹೊತ್ತಿಗೆ ಅವಳು ಓದಿನಲ್ಲಿ ಹೆಸರು ಮಾಡಿಬಿಟ್ಟಿದ್ದಳು. ಆಮೇಲೆ ಬಿಡಿಸಲು ಅಪ್ಪನಿಗೆ ಮನಸ್ಸು ಬರಲಿಲ್ಲ.

ರೇಷ್ಮೆ ಸಾಕಿದವರಿಗೆ ಗೊತ್ತು, ಅದು ಕೂಸಿನ ಬಾಣಂತನದ ಹಾಗೆ. ಹುಳುವಿಗೆ ನಾಲ್ಕು ಸಲ ಜ್ವರ ಬರುತ್ತದೆ. ಜ್ವರ ಅಂದರೆ ಕಾಯಿಲೆಯಲ್ಲ, ಸೊಪ್ಪು ಬಿಟ್ಟು ತಲೆಯೆತ್ತಿ ಕೂತು ಚರ್ಮ ಕಳಚುವುದನ್ನು ನಾವು ಹಾಗೆ ಕರೆಯುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಅವುಗಳ ಹಸಿವು ಹೇಳತೀರದು. ಮಳೆ ಬಿದ್ದ ಹಾಗೆ ಸದ್ದು ಮಾಡುತ್ತ ತಿನ್ನುತ್ತವೆ. ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು, ಹಿಕ್ಕೆ ತೆಗೆಯುವುದು. ಒಂದು ಬೆಳೆ ಮುಗಿಯುವ ಹೊತ್ತಿಗೆ ನನ್ನ ಬೆರಳುಗಳು ಹಿಪ್ಪುನೇರಳೆ ಹಾಲಿನಿಂದ ಕಪ್ಪಾಗಿ ಸೀಳಿರುತ್ತಿದ್ದವು. ತಂಗಿಯ ಬೆರಳಲ್ಲಿ ಇರುತ್ತಿದ್ದದ್ದು ಮಸಿ. ಅವಳು ರಜೆಯ ದಿನ ಕೆಲಸಕ್ಕೆ ಕೈ ಹಾಕುತ್ತಿದ್ದಳು, ಸುಳ್ಳು ಹೇಳಬಾರದು. ಆದರೆ ಸೋಮವಾರ ಬೆಳಿಗ್ಗೆ ಎರಡು ಜಡೆ ಹಾಕಿಕೊಂಡು ಹೊರಟುಬಿಡುತ್ತಿದ್ದಳು. ನಾನು ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಅವಳ ಹೈಸ್ಕೂಲು ಇದ್ದದ್ದು ಮೂರು ಮೈಲಿ ಆಚೆ. ಅಲ್ಲಿ ವಿಜ್ಞಾನ ಕಲಿಸುವ ಮೇಡಂ ಒಬ್ಬರಿದ್ದರು. ಮೈಸೂರಿನ ಕಡೆಯವರು, ಮದುವೆಯಾಗಿರಲಿಲ್ಲ, ತಾಯಿಯ ಜೊತೆ ಬಾಡಿಗೆ ಮನೆಯಲ್ಲಿದ್ದರು. ತಂಗಿಯ ಬಾಯಲ್ಲಿ ದಿನವೂ ಅವರದೇ ಮಾತು. ಮೇಡಂ ಹೀಗಂದರು, ಮೇಡಂ ಹಾಗಂದರು. ಮೇಡಂ ಹತ್ತಿರ ಸುಳ್ಳು ನಡೆಯುವುದಿಲ್ಲವಂತೆ. ಲೆಕ್ಕ ತಪ್ಪಾದರೆ ಬಯ್ಯುವುದಿಲ್ಲವಂತೆ, ಪಕ್ಕದವರದ್ದು ನೋಡಿ ಬರೆದಿದ್ದರೆ ಮಾತೇ ಬಿಡುತ್ತಾರಂತೆ. ತಂಗಿ ಹತ್ತನೇ ಕ್ಲಾಸು ಒಂದೇ ಏಟಿಗೆ ಪಾಸಾದಳು. ನಮ್ಮೂರಲ್ಲಿ ಹಾಗೆ ಪಾಸಾದ ಹುಡುಗಿ ಅವಳೊಬ್ಬಳೇ. ಅದೇ ಜೂನಿನಲ್ಲಿ ಮೇಡಂಗೆ ಗುಂಡ್ಲುಪೇಟೆಗೆ ವರ್ಗವಾಯಿತು. ಅವರೇ ನಮ್ಮ ಮನೆಗೆ ಬಂದು, ಹುಳುವಿನ ತಟ್ಟೆಗಳ ನಡುವೆ ಚಾಪೆಯ ಮೇಲೆ ಕೂತು, ಇವಳನ್ನು ನನ್ನ ಜೊತೆ ಕಳಿಸಿ ಎಂದು ಅಪ್ಪನನ್ನು ಕೇಳಿದರು. ತಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ, ಅಲ್ಲಿ ಕಾಲೇಜಿದೆ, ಎರಡು ವರ್ಷ ಓದಿಸಿ ಆಮೇಲೆ ಟೀಚರ್ ಟ್ರೈನಿಂಗಿಗೆ ಸೇರಿಸುತ್ತೇನೆ ಎಂದರು. ಅಪ್ಪ ತಲೆ ಕೆರೆದುಕೊಂಡು, ನೀವೇ ಕರ್ಕೊಂಡೋಗದಾದ್ರೆ ಓಗ್ಲಿ ಬುಡಿ, ಅಂದರು.

ಶನಿವಾರ ಬೆಳಿಗ್ಗೆ ಶಾಲೆಯಲ್ಲಿ ಮೇಡಂಗೆ ಬೀಳ್ಕೊಡುಗೆ. ಸೋಮವಾರದ ಬಸ್ಸಿಗೆ ಮೇಡಂ, ಅವರ ತಾಯಿ, ನನ್ನ ತಂಗಿ ಮೂವರೂ ಹೊರಡುವುದು. ಹೀಗೆ ಮಾತಾಯಿತು.

ಆ ಬೀಳ್ಕೊಡುಗೆಯ ಶೃಂಗಾರವೆಲ್ಲ ತನ್ನದೇ ಎಂದು ತಂಗಿ ಹೊತ್ತುಕೊಂಡು ಬಂದಳು. ಬಣ್ಣದ ಕಾಗದದ ತೋರಣ, ಗೋಡೆಗೆ ಅಂಟಿಸುವ ಹೂವು, ಮೇಡಂ ಕೊರಳಿಗೆ ಹಾರ. ಹೂವಿನ ಹಾರ ಸಂಜೆಗೆ ಬಾಡುತ್ತದೆ, ಮೇಡಂ ಗುಂಡ್ಲುಪೇಟೆ ಮನೆಯ ಗೋಡೆಗೆ ತೂಗುಹಾಕಿಕೊಳ್ಳುವಂಥದ್ದು ಬೇಕು ಎಂದಳು. ರೇಷ್ಮೆಗೂಡಿನ ಹಾರದ ಯೋಚನೆ ಅವಳಿಗೆ ಬಂದದ್ದು ಹಾಗೆ. ನಮ್ಮಲ್ಲಿ ಊಜಿ ನೊಣ ಕಡಿದು ತೂತಾದ ಗೂಡುಗಳನ್ನು ಯಾರೂ ಕೊಳ್ಳುವುದಿಲ್ಲ. ಅವನ್ನು ಕತ್ತರಿಸಿ ದಳ ಮಾಡಿದರೆ ಹೂವಾಗುತ್ತದೆ. ಆದರೆ ಹಾರಕ್ಕೆ ಇಡೀ ಗೂಡು ಬೇಕು, ಗಟ್ಟಿಯಾದದ್ದು, ಕಲೆ ಇಲ್ಲದ್ದು. ಆ ಬೆಳೆಯಲ್ಲಿ ಗೂಡು ಬಿಡಿಸಿದ ದಿನ ಅವಳು ಅಪ್ಪನ ಬೆನ್ನು ಹತ್ತಿ ಒಂದು ಮೊರದಷ್ಟು ಒಳ್ಳೆಯ ಗೂಡು ಆರಿಸಿ ಎತ್ತಿಟ್ಟುಕೊಂಡಳು. ಉಳಿದದ್ದನ್ನು ಅಪ್ಪ ಚೀಲಕ್ಕೆ ತುಂಬಿಸಿಕೊಂಡು ಚಾಮರಾಜನಗರದ ಮಾರುಕಟ್ಟೆಗೆ ಹೋದರು.

ಗೂಡಿನೊಳಗೆ ಹುಳು ಬದುಕಿರುತ್ತದೆ. ಬಿಡಿಸಿ ಎಂಟೊಂಬತ್ತು ದಿನಕ್ಕೆ ಚಿಟ್ಟೆಯಾಗಿ ಗೂಡು ಒದ್ದೆ ಮಾಡಿಕೊಂಡು ಹೊರಬರುತ್ತದೆ. ಸಾಕುವ ನಾವು ಅದನ್ನು ನೋಡುವುದೇ ಇಲ್ಲ, ಅಷ್ಟರಲ್ಲಿ ಗೂಡು ಮಾರುಕಟ್ಟೆಗೆ ಹೋಗಿ ನೂಲು ಬಿಚ್ಚುವವರ ಕೈ ಸೇರಿರುತ್ತದೆ. ಆವಿ ಕೊಟ್ಟು ಹುಳುವನ್ನು ಸಾಯಿಸುವುದು ಅವರ ಕೆಲಸ. ನಮ್ಮ ಮನೆಯಲ್ಲಿ ಒಂದು ದಿನವೂ ಯಾರೂ ಆ ಕೆಲಸ ಮಾಡಿದ್ದಿಲ್ಲ. ತಂಗಿಗೆ ಮಾತ್ರ ಮೇಡಂ ಪಾಠದಿಂದ ಗೊತ್ತಿತ್ತು. ಅವಳು ಕಾಗದ, ಜರಿ ದಾರ ತರಲು ಪೇಟೆಗೆ ಹೊರಟವಳು ಮೊರವನ್ನು ನನ್ನ ಮುಂದೆ ಇಟ್ಟಳು.

"ಇಡ್ಲಿ ಪಾತ್ರೇಲಿ ಅರ್ಧ ಗಂಟೆ ಆವಿ ಕೊಡು ಕಣಕ್ಕ. ಅಂಗೇ ಬುಟ್ರೆ ಚಿಟ್ಟೆ ಎದ್ದ್ಬುಡ್ತವೆ."

ಕೊಡ್ತೀನಿ ಓಗು, ಅಂದೆ.

ಅವತ್ತು ನನಗೆ ಏನೆಲ್ಲ ಕೆಲಸವಿತ್ತು ಎಂದು ಈಗಲೂ ಒಂದೊಂದಾಗಿ ಹೇಳಬಲ್ಲೆ. ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನಲ್ಲ… ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಹೊರಗೆ ತಂದು ಅಂಟಿದ ನಾರು ಸುಡಬೇಕಿತ್ತು. ತಟ್ಟೆಗಳನ್ನೆಲ್ಲ ತೊಳೆದು ಫಾರ್ಮಲಿನ್ ಹೊಡೆಯಬೇಕಿತ್ತು. ಆ ಔಷಧಿಗೆ ಕಣ್ಣು ಉರಿದು ನೀರು ಸುರಿಯುತ್ತಿತ್ತು. ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ. ಮಧ್ಯಾಹ್ನ ಒಲೆ ಹಚ್ಚಿ ಪಾತ್ರೆಗೆ ನೀರು ಸಹ ಇಟ್ಟೆ. ನೀರು ಕಾಯಲಿ ಎಂದು ಗೋಡೆಗೊರಗಿ ಕೂತೆ. ಎದ್ದಾಗ ಒಲೆ ಆರಿತ್ತು. ಹಿತ್ತಲಿನ ನೆರಳು ಅಂಗಳ ದಾಟಿತ್ತು. ಮತ್ತೆ ಸೌದೆ ತಂದು ಒಲೆ ಹಚ್ಚಬಹುದಿತ್ತು. ಮೊರದ ಕಡೆ ನೋಡಿದೆ. ಹುಳು ಸಾಕಿದ್ದು ನಾನು, ಗೂಡು ಬಿಡಿಸಿದ್ದು ನಾನು, ಈಗ ಇವಳ ಆಟಕ್ಕೆ ಬೇಯಿಸಿಕೊಡಬೇಕಾದದ್ದೂ ನಾನೇ ಅನ್ನಿಸಿತು. ಸೋಮವಾರ ಇವಳು ಬಸ್ಸು ಹತ್ತುತ್ತಾಳೆ, ಮುಂದಿನ ಬೆಳೆಗೆ ರಜೆಯ ದಿನದ ಕೈಯೂ ಇರುವುದಿಲ್ಲ ಅನ್ನಿಸಿತು. ನಾಳೆ ಕೊಟ್ಟರಾಯಿತು ಎಂದುಕೊಂಡು ಮೊರವನ್ನು ಹಾಗೇ ಅಟ್ಟದ ಮೇಲೆ ಇಟ್ಟೆ.

ಅಷ್ಟು ಹೊತ್ತಿಗೆ ಅವಳು ಬಂದಳು. ಕಂಕುಳಲ್ಲಿ ಬಣ್ಣದ ಕಾಗದದ ಸುರುಳಿ, ಮುಖವೆಲ್ಲ ಬೆವರು. ಒಳಗೆ ಕಾಲಿಡುವ ಮೊದಲೇ ಆವಿ ಕೊಟ್ಯಾ ಅಕ್ಕ ಎಂದು ಕೇಳಿದಳು.

"ಕೊಟ್ಟೆ ಕಣಮ್ಮಿ," ಅಂದೆ.

ಇಲ್ಲ ಅನ್ನಲು ಒಂದು ಮಾತು, ಕೊಟ್ಟೆ ಅನ್ನಲು ಒಂದು ಮಾತು. ಇಲ್ಲ ಅಂದಿದ್ದರೆ ಅವಳೇ ಒಲೆ ಹಚ್ಚುತ್ತಿದ್ದಳು. ಅವಳಿಗೆ ಅದೇನೂ ದೊಡ್ಡ ಕೆಲಸವಾಗಿರಲಿಲ್ಲ. ಸೋಮಾರಿ ಅನ್ನಿಸಿಕೊಳ್ಳಬಾರದೆಂದು ನಾನು ಹಾಗೆ ಹೇಳಿದೆನೋ, ಅವಳ ಮೇಲಿನ ಸಿಟ್ಟಿಗೆ ಹೇಳಿದೆನೋ, ಇವತ್ತಿಗೂ ನನಗೆ ತಿಳಿದಿಲ್ಲ. ಬೆಳಿಗ್ಗೆ ಅವಳು ಪೇಟೆಗೋ ಶಾಲೆಗೋ ಹೋದಾಗ ಕದ್ದು ಆವಿ ಕೊಟ್ಟುಬಿಡೋಣ ಎಂಬ ಲೆಕ್ಕವಂತೂ ಇತ್ತು. ಆದರೆ ಬೆಳಿಗ್ಗೆ ಎದ್ದು ನೋಡಿದರೆ ಅವಳು ಜಗಲಿಯಲ್ಲಿ ಕೂತು ಆಗಲೇ ಪೋಣಿಸಲು ಶುರು ಮಾಡಿದ್ದಳು.

ಅವಳು ಪೋಣಿಸುವ ರೀತಿಯೇ ಬೇರೆ. ಗೂಡಿನ ನಡುವೆ ಸೂಜಿ ಚುಚ್ಚಿದರೆ ಒಳಗಿನ ಹುಳು ಒಡೆದು ಕಲೆಯಾಗುತ್ತದೆಂದು ಒಂದು ಬದಿಯ ತೊಗಟೆಗೆ ಮಾತ್ರ, ಚರ್ಮ ಹೊಲಿದ ಹಾಗೆ, ಸೂಜಿ ಹಾಯಿಸುತ್ತಿದ್ದಳು. ಎರಡು ಗೂಡಿನ ನಡುವೆ ಒಂದು ಜರಿಯ ಗಂಟು. ಕೆಳಗೆ ಪದಕದ ಜಾಗಕ್ಕೆ ಊಜಿ ಗೂಡಿನ ದಳಗಳಿಂದ ಮಾಡಿದ ದೊಡ್ಡ ಹೂವು, ಅದಕ್ಕೆ ಅರಿಶಿನ, ನಡುವೆ ಕುಂಕುಮ. ತೋರಣಕ್ಕೆ ಮೈದಾ ಅಂಟು ನಾನೇ ಕಾಯಿಸಿಕೊಟ್ಟೆ. ಒಂದು ವಾರ ಊಟವಾದ ಮೇಲೆ ಇಬ್ಬರೂ ಎದುರುಬದುರು ಕೂತು ಕಾಗದ ಮಡಿಸುವುದು, ಕತ್ತರಿಸುವುದು, ಅಂಟಿಸುವುದು. ಹೇಳಿದರೆ ಯಾರೂ ನಂಬಲಾರರು, ನನ್ನ ಬದುಕಿನಲ್ಲಿ ಅಷ್ಟು ಸುಖವಾಗಿ ಕೂತು ಮಾಡಿದ ಕೆಲಸ ಇನ್ನೊಂದಿಲ್ಲ. ನನ್ನ ಮದ್ವೆಗೂ ಇಂಗೇ ಮಾಡ್ಕೊಡು ಕಣಕ್ಕ ಅಂದಳು ಒಂದು ದಿನ. ನಿಂಗ್ಯಾಕಮ್ಮಿ ಮದ್ವೆ, ನೀನು ಗುಂಡ್ಲುಪೇಟೆ ಮೇಡಮ್ಮು ಅಂದೆ. ಅವಳು ನಕ್ಕಳು. ನಾನೂ ನಕ್ಕೆ. ನನ್ನ ಮಾತಿನಲ್ಲಿ ಮುಳ್ಳಿತ್ತೆಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತೋ ಏನೋ…

ನಾಲ್ಕನೆಯದೋ ಐದನೆಯದೋ ದಿನ ಅವಳು ಪೋಣಿಸುವುದನ್ನು ನಿಲ್ಲಿಸಿ ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು. ಆವಿ ಕೊಟ್ಟು ಒಣಗಿದ ಗೂಡಾದರೆ ಒಳಗಿನ ಹುಳು ಕಾಳಿನ ಹಾಗೆ ಗಲಗಲ ಅನ್ನಬೇಕು. ಬದುಕಿದ್ದರೆ ಗಲಗಲ ಇಲ್ಲ, ದಪ್ಪಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಉರುಳಿದ್ದು ಬೆರಳಿಗೆ ತಿಳಿಯುತ್ತದೆ, ಅಷ್ಟೇ. ಇನ್ನೊಂದನ್ನು ಹಿಡಿದಳು. ಮತ್ತೊಂದನ್ನು ಹಿಡಿದಳು.

"ಸದ್ದೇ ಬರ್ತಿಲ್ವಲ್ಲಕ್ಕ."

"ಇನ್ನೂ ಒಣಗಿಲ್ಲ, ಒಣಗ್ತದೆ ಬುಡು."

ಅವಳು ತಲೆ ಆಡಿಸಿ ಮತ್ತೆ ಸೂಜಿ ಹಿಡಿದಳು. ತನ್ನ ಕಿವಿಯನ್ನು ಬಿಟ್ಟು ನನ್ನ ಮಾತನ್ನು ನಂಬಿದಳು. ಆ ಹೊತ್ತಿನಲ್ಲೂ ಹೇಳಬಹುದಿತ್ತು. ಹಾರವನ್ನು ಹಾಗೇ ಪಾತ್ರೆಗೆ ಇಳಿಬಿಟ್ಟು ಆವಿ ಕೊಟ್ಟಿದ್ದರೂ ಆಗುತ್ತಿತ್ತು, ಜರಿ ಸ್ವಲ್ಪ ಕಪ್ಪಾಗುತ್ತಿತ್ತು. ಎಲ್ಲೋ ಒಂದೆರಡು ಎದ್ದರೂ ಏನಾಯಿತು ಎಂದು ನಾನು ನನ್ನ ಮನಸ್ಸಿನ ಬಾಯಿ ಮುಚ್ಚಿಸಿದೆ.

ಸಿದ್ಧವಾದ ಹಾರವನ್ನು ಅವಳು ಹಳೆಯ ಪಂಚೆಯಲ್ಲಿ ಸುತ್ತಿ, ಗುಂಡ್ಲುಪೇಟೆಗೆ ಒಯ್ಯಲು ಇಟ್ಟುಕೊಂಡಿದ್ದ ತಗಡಿನ ಪೆಟ್ಟಿಗೆಯಲ್ಲಿ, ಇಸ್ತ್ರಿ ಮಾಡಿದ ಲಂಗದ ಮೇಲೆ ಮಲಗಿಸಿದಳು. ಧೂಳು ತಾಗಬಾರದು, ಇಲಿ ಮುಟ್ಟಬಾರದು. ಪೆಟ್ಟಿಗೆ ಮುಚ್ಚಿತು. ಕತ್ತಲಲ್ಲಿಟ್ಟ ಗೂಡು ಬೆಳಕು ಕಂಡೊಡನೆ ಎಲ್ಲ ಒಟ್ಟಿಗೆ ಒಡೆಯುತ್ತದೆ ಎಂದು ಹುಳುವಿನ ಮೊಟ್ಟೆ ಮಾಡಿ ಮಾರುವವರು ಹೇಳಿದ್ದನ್ನು ನಾನು ಕೇಳಿದ್ದು ಎಷ್ಟೋ ವರ್ಷದ ಮೇಲೆ.

ಶನಿವಾರ ನನ್ನನ್ನೂ ಕರೆದುಕೊಂಡು ಹೋದಳು. ನಾನು ಬೇಡವೆಂದೆ. ನೀನೂ ಮಾಡಿದ್ದೀಯ, ನೀನೂ ನೋಡಬೇಕು ಎಂದು ಎಳೆದುಕೊಂಡೇ ಹೋದಳು. ಪೆಟ್ಟಿಗೆಯನ್ನು ಒಬ್ಬರಾದ ಮೇಲೆ ಒಬ್ಬರು ತಲೆಯ ಮೇಲೆ ಹೊತ್ತೆವು. ನಮ್ಮ ತೋರಣ ಕಟ್ಟಿದ ಆ ಕೋಣೆ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಅದು ನನ್ನ ಕೈಯಿಂದ ಆದದ್ದೆಂದು ನನಗೇ ನಂಬಿಕೆಯಾಗಲಿಲ್ಲ. ಒಳಗೆ ಬೆಂಚಿನ ಮೇಲೆ ಕೂರಲು ನಾಚಿಕೆಯಾಗಿ ನಾನು ಮೇಡಂ ಕುರ್ಚಿಯ ಪಕ್ಕದ ಕಿಟಕಿಯ ಹೊರಗೆ ನಿಂತುಕೊಂಡೆ. ಮೇಡಂ ಹಾಲಿನ ಬಣ್ಣದ ಸೀರೆ ಉಟ್ಟಿದ್ದರು, ಸಣ್ಣ ಹಸಿರು ಅಂಚು.

ಹೆಡ್‌ಮಾಸ್ತರು ಮಾತಾಡುವಾಗ ತಂಗಿ ಪೆಟ್ಟಿಗೆ ತೆರೆದು ಹಾರವನ್ನು ತಟ್ಟೆಯಲ್ಲಿಟ್ಟು ಮೇಲೊಂದು ಕರವಸ್ತ್ರ ಮುಚ್ಚಿದಳು. ಅದನ್ನು ಅವಳು ಮೇಡಂ ಕೊರಳಿಗೆ ಹಾಕಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಒಂದೊಂದೇ ಗೂಡನ್ನು ಮುಟ್ಟಿ ನೋಡಿದರು. ಅವರ ಕಣ್ಣು ತುಂಬಿತ್ತು. ನನಗೆ ಮೊದಲು ಕಂಡದ್ದು ಗೂಡುಗಳ ತುದಿಯ ಒದ್ದೆ. ಆಮೇಲೆ ಒಂದು ಗೂಡಿನಿಂದ ಬಿಳಿಯ ತಲೆ ಹೊರಬಂತು, ಒದ್ದೆ ರೆಕ್ಕೆ ಎಳೆದುಕೊಂಡು ಚಿಟ್ಟೆ ಮೇಡಂ ಭುಜಕ್ಕೆ ಹತ್ತಿತು. ಇನ್ನೊಂದು, ಮತ್ತೆ ಮೂರು, ಆಮೇಲೆ ಎಣಿಸಲಾಗಲಿಲ್ಲ. ಹೊರಗೆ ಬಂದ ಚಿಟ್ಟೆ ಮೊದಲು ಮಾಡುವ ಕೆಲಸ ಕಂದು ನೀರು ಬಿಡುವುದು. ಹಾಲಿನ ಬಣ್ಣದ ಸೀರೆಯ ಮೇಲೆ ಕಾಫಿ ಕಷಾಯ ಚೆಲ್ಲಿದ ಹಾಗೆ ಕಲೆಗಳು ಬಿದ್ದವು. ಎರಡನೆಯ ಕೆಲಸ ಜೊತೆಗೂಡುವುದು. ಅದಕ್ಕೂ ಅವು ಹೊತ್ತು ತೆಗೆದುಕೊಳ್ಳುವುದಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ, ಮೇಡಂ ಮ್ಯಾಲೆ ಚಿಟ್ಟೆ ಮದ್ವೆ ಕಣ್ಲಾ ಅಂದ. ಇಡೀ ಕೋಣೆ ನಕ್ಕಿತು. ನಮ್ಮ ಕಡೆಯ ಮಕ್ಕಳಿಗೆ ಯಾವುದನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ಮೇಡಂ ಸಿಟ್ಟಾಗಲಿಲ್ಲ. ಅವರೂ ನಕ್ಕರು. ಬದುಕಿರೋ ಹಾರ ಹಾಕಿದ್ದೀಯಲ್ಲೇ ಎಂದು ಹಾರವನ್ನು ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟರು. ಅಲ್ಲಿಗೆ ಮುಗಿದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅವರು ವಿಜ್ಞಾನದ ಮೇಡಂ. ತಂಗಿಯ ಕಡೆ ಬಾಗಿ ಕೇಳಿದರು. ಸಣ್ಣ ದನಿಯಾದರೂ ಕಿಟಕಿಯ ಹತ್ತಿರವಿದ್ದ ನನಗೆ ಎಲ್ಲ ಕೇಳಿಸಿತು.

"ಆವಿ ಕೊಡಲಿಲ್ವೇನೇ?"

"ಕೊಟ್ಟಿದ್ದೋ ಮೇಡಂ."

"ಕೊಟ್ಟಿದ್ರೆ ಇವು ಹೇಗೆ ಬರ್ತಿದ್ವು?"

"ನಿಜವಾಗ್ಲೂ ಮೇಡಂ. ಅರ್ಧ ಗಂಟೆ ಕೊಟ್ಟಿದ್ದೋ. ನಮ್ಮಕ್ಕನೇ ಕೊಟ್ಟಿದ್ಲು."

ಮೇಡಂ ದನಿಯನ್ನು ಇನ್ನೂ ತಗ್ಗಿಸಿದರು. "ಸೀರೆ ಹೋದ್ರೆ ಹೋಗ್ಲಿ. ಮರ್ತಿದ್ರೆ ಮರ್ತೆ ಅಂತ ಹೇಳು. ಸುಳ್ಳು ಯಾಕೆ ಹೇಳ್ತೀಯ? ಅದೂ ಅಕ್ಕನ ಮೇಲೆ ಹಾಕಿ?"

ತಂಗಿ ಕಿಟಕಿಯ ಕಡೆ ತಿರುಗಿ ನನ್ನನ್ನು ನೋಡಿದಳು. ಬೇಡಿಕೊಂಡ ಹಾಗೆಯೂ ಇರಲಿಲ್ಲ, ಬಯ್ದ ಹಾಗೆಯೂ ಇರಲಿಲ್ಲ. ಹೇಳಕ್ಕ ಅನ್ನುವಂತೆ, ಸುಮ್ಮನೆ ನೋಡಿದಳು. ಅವಳಿಗೆ ಅನುಮಾನವೇ ಇರಲಿಲ್ಲ. ಮೇಡಂ ಕೂಡ ನನ್ನ ಕಡೆ ನೋಡಿದರು. ಇಲ್ಲ ಮೇಡಂ, ನಾನು ಕೊಟ್ಟಿರಲಿಲ್ಲ, ಅವಳಿಗೆ ಗೊತ್ತಿಲ್ಲ. ಅಷ್ಟು ಮಾತು. ನನ್ನ ನಾಲಿಗೆಯ ಮೇಲೆ ಬಂದು ನಿಂತಿತ್ತು. ನಾನು ತಲೆ ಬಗ್ಗಿಸಿ ನನ್ನ ಕಾಲಿನ ಹೆಬ್ಬೆರಳನ್ನು ನೋಡಿಕೊಂಡೆ. ಅದರ ಉಗುರಿನ ಸಂದಿಯಲ್ಲಿ ಮೈದಾ ಅಂಟು ಒಣಗಿ ಬಿಳಿಯಾಗಿತ್ತು… ಅದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ತಲೆ ಎತ್ತುವಷ್ಟರಲ್ಲಿ ಮೇಡಂ ಎದ್ದು ಸೀರೆ ತೊಳೆದುಕೊಳ್ಳಲು ಹೋಗಿದ್ದರು. ತಂಗಿ ಇನ್ನೂ ನನ್ನನ್ನು ನೋಡುತ್ತಲೇ ಇದ್ದಳು. ನೋಟ ಬದಲಾಗಿತ್ತು.

ಶಾಲೆಯ ಜವಾನ ಹಾರವನ್ನು ಕೋಲಿನಲ್ಲಿ ಎತ್ತಿ ಕಾಂಪೌಂಡಿನ ಆಚೆ ಬೇಲಿಯ ಮೇಲೆ ಎಸೆದಿದ್ದ. ಅವಳು ಅದನ್ನು ಬಿಡಿಸಿ ತಂದು, ದಾರಿಯಲ್ಲಿ ಯಾರದೋ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಕೂತು, ಚಿಟ್ಟೆಗಳನ್ನು ಒಂದೊಂದಾಗಿ ತೆಗೆದು ಎಲೆಯ ಮೇಲೆ ಬಿಟ್ಟಳು. ನಾನು ಪೆಟ್ಟಿಗೆ ಹೊತ್ತು ನಿಂತಿದ್ದೆ. ಏನಾದರೂ ಹೇಳಬೇಕಲ್ಲ ಎಂದು, ಸೊಪ್ಪು ತಿಂದು ಬದುಕ್ಕೊಳ್ತವೆ ಬುಡಮ್ಮಿ, ಅಂದೆ. ಮೂರು ಮೈಲಿಯಲ್ಲಿ ಅವಳು ಆಡಿದ್ದು ಒಂದೇ ಮಾತು.

"ಚಿಟ್ಟೆಗೆ ಬಾಯಿಲ್ಲ ಕಣಕ್ಕ. ಮೇಡಂ ಏಳ್ಕೊಟ್ಟಿದ್ರು."

ಭಾನುವಾರ ನಾನು ಸೌದೆಗೆಂದು ಹೊರಟವಳು ಶಾಲೆಯ ಊರಿನ ದಾರಿ ಹಿಡಿದೆ. ಮೇಡಂ ಮನೆಗೆ ಹೋಗಿ ನಿಜ ಹೇಳಿ ಬರೋಣ ಎಂದೇ ಹೊರಟಿದ್ದೆ. ಅರ್ಧ ದಾರಿಯಲ್ಲಿ ಒಂದು ಹುಣಸೆಮರವಿದೆ, ಈಗಲೂ ಇದೆ. ಅಲ್ಲಿ ಕೂತು ಏನು ಹೇಳಬೇಕೆಂದು ಮನಸ್ಸಿನಲ್ಲೇ ಕೂಡಿಸಿದೆ. ಅವರು ನನ್ನನ್ನು ನೋಡುವ ಬಗೆ ಕಣ್ಣ ಮುಂದೆ ಬಂತು. ತಂಗಿ ಹೋದ ಮೇಲೆ ಆ ಹುಳುವಿನ ಮನೆಯಲ್ಲಿ ನಾನೊಬ್ಬಳೇ ಉಳಿಯುವುದೂ ಕಣ್ಣ ಮುಂದೆ ಬಂತು. ಇದನ್ನು ಬರೆಯಲು ಕೈ ಹಿಂದೆ ಸರಿಯುತ್ತಿದೆ, ಆದರೂ ಬರೆಯುತ್ತೇನೆ. ಸುಸ್ತು ಒಂದೇ ಕಾರಣವಲ್ಲ. ಹಾರ ಕೆಡಲಿ ಎಂದು ನಾನು ಯಾವತ್ತೂ ಬಯಸಲಿಲ್ಲ. ಆದರೆ ಕೆಟ್ಟ ಮೇಲೆ, ಇವಳು ಇನ್ನು ಹೋಗಲಿಕ್ಕಿಲ್ಲ ಅನ್ನಿಸಿದಾಗ, ನನ್ನ ಎದೆಯ ಒಂದು ಮೂಲೆ ಹಗುರವಾಯಿತು. ಆ ಹುಣಸೆಮರದ ಕೆಳಗೇ ಅದು ನನಗೆ ಗೊತ್ತಾದದ್ದು. ಎದ್ದು ಸೌದೆ ಆಯ್ದುಕೊಂಡು ಮನೆಗೆ ಬಂದೆ.

ಸೋಮವಾರ ಬೆಳಿಗ್ಗೆ ಅವಳು ಪೆಟ್ಟಿಗೆಯಿಂದ ಬಟ್ಟೆ ತೆಗೆದು ಹಗ್ಗದ ಮೇಲೆ ಹಾಕುತ್ತಿದ್ದಳು. ಯಾಕಮ್ಮಿ, ಒರಡಲ್ವಾ ಎಂದು ಅಪ್ಪ ಕೇಳಿದರು. ಇಲ್ಲ ಕಣಪ್ಪ, ಮನಸ್ಸಿಲ್ಲ ಅಂದಳು. ಅಪ್ಪ ನನ್ನ ಕಡೆ ತಿರುಗಿ ಏನಾಯಿತೆಂದು ಕೇಳಿದರು. ನನಗೇನು ಗೊತ್ತು ಅಂದೆ. ಮೇಡಂ ಮೊದಲ ಬಸ್ಸನ್ನು ಬಿಟ್ಟು ಎರಡನೇ ಬಸ್ಸಿಗೆ ಹೋದರಂತೆ. ಆ ಊರಿಂದ ಬಂದವರು ಯಾರೋ ಹೇಳಿದರು. ನಾನು ಅದನ್ನು ತಂಗಿಗೆ ಹೇಳಲಿಲ್ಲ. ಅವರು ಕಾದಿದ್ದರು ಎಂದು ಗೊತ್ತಾಗಿದ್ದರೆ ಅವಳು ಹೋಗುತ್ತಿದ್ದಳೇನೋ…

ಅವಳು ನನ್ನನ್ನು ಯಾವತ್ತೂ ಕೇಳಲಿಲ್ಲ. ಒಂದು ಸಲ ಕೇಳಿ, ಬಯ್ದು, ಜುಟ್ಟು ಹಿಡಿದು ಹೊಡೆದಿದ್ದರೂ ಆಗಿತ್ತು. ಅವಳು ತಟ್ಟೆಯ ಒಂದು ಕೊನೆ ಹಿಡಿದಳು, ನಾನು ಇನ್ನೊಂದು ಕೊನೆ. ಎರಡು ವರ್ಷ ಹಾಗೇ ಹುಳು ಸಾಕಿದೆವು. ಕೆಲಸದ ಮಾತೆಲ್ಲ ಆಡುತ್ತಿದ್ದಳು. ಮೊದಲಿನ ಹಾಗೆ ಎದುರುಬದುರು ಕೂತು ನಗುವುದು ಮಾತ್ರ ಮತ್ತೆ ಬರಲಿಲ್ಲ. ಅವಳ ಬೆರಳೂ ನನ್ನ ಬೆರಳಿನ ಹಾಗೆ ಕಪ್ಪಾಗಿ ಸೀಳಿತು. ಆಮೇಲೆ ಗುಂಡ್ಲುಪೇಟೆ ಆಚೆ ಮದ್ದೂರು ಕಾಡಿನ ಅಂಚಿನ ಊರಿಗೆ ಮದುವೆಯಾಗಿ ಹೋದಳು. ಗಂಡ ಒಳ್ಳೆಯವನು, ಅರಣ್ಯದ ದಿನಗೂಲಿ. ಅವಳ ಊರಿಗೆ ಹೋಗಬೇಕಾದರೆ ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಬೇಕು. ತವರಿಗೆ ಬಂದು ಹೋಗುವಾಗ ಅವಳನ್ನು ಅಲ್ಲಿವರೆಗೆ ಬಿಡಲು ನಾನೂ ಹೋಗುತ್ತಿದ್ದೆ. ಸ್ಟ್ಯಾಂಡಿನಲ್ಲಿ ಕಾಲೇಜಿನ ಹುಡುಗಿಯರು ಎದೆಗೆ ಪುಸ್ತಕ ಅವುಚಿಕೊಂಡು ನಿಂತಿರುತ್ತಿದ್ದರು. ಅವಳು ಮಗುವಿಗೆ ಬಿಸ್ಕತ್ತು ಮುರಿದು ಕೊಡುತ್ತ ಬೇರೆ ಕಡೆ ನೋಡುತ್ತಿದ್ದಳು. ನಾನು ಬಸ್ಸಿನ ಬೋರ್ಡು ಓದುವವಳ ಹಾಗೆ ನಿಲ್ಲುತ್ತಿದ್ದೆ.

ಮೂವತ್ತು ದಾಟಿ ಸ್ವಲ್ಪ ದಿನಕ್ಕೆ ಅವಳಿಗೆ ಕಾಮಾಲೆಯಾಯಿತು. ಹಳ್ಳಿಯ ಔಷಧಿ ಮಾಡಿದರು, ಆಸ್ಪತ್ರೆಗೂ ತೋರಿಸಿದರು, ಆ ಹೊತ್ತಿಗೆ ತಡವಾಗಿತ್ತು. ನಾನು ಹೋದಾಗ ಜಗಲಿಯ ಮೇಲೆ ಮಲಗಿದ್ದಳು. ಕಣ್ಣು, ಉಗುರು, ಅಂಗೈ ಎಲ್ಲ ಹಳದಿ, ನಮ್ಮ ಗೂಡಿನ ಬಣ್ಣ. ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ. ಈಗ ಹೇಳದಿದ್ದರೆ ಇನ್ನಿಲ್ಲ ಅನ್ನಿಸಿತು.

"ಅವತ್ತು ಗೂಡಿಗೆ ನಾನು…" ಎಂದು ಶುರು ಮಾಡಿದೆ.

ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು. "ಉಳೂಗೆ ಸೊಪ್ಪು ಆಕ್ಬುಟ್ಟು ಬಂದ್ಯಾ ಅಕ್ಕ?"

ಆಕ್ಬುಟ್ಟು ಬಂದೆ ಕಣಮ್ಮಿ, ಅಂದೆ. ಆ ಬೆಳೆಯಲ್ಲಿ ನಾವು ಹುಳುವನ್ನೇ ಇಟ್ಟಿರಲಿಲ್ಲ. ಅವಳು ನನಗೆ ಆ ಮಾತನ್ನು ಮುಗಿಸಲು ಬಿಡಲಿಲ್ಲ. ಕ್ಷಮಿಸಿದ್ದರಿಂದಲೋ, ಕ್ಷಮಿಸದೆ ಇದ್ದದ್ದರಿಂದಲೋ, ನಾನು ಯಾರನ್ನು ಕೇಳಲಿ? ನಾಲ್ಕು ದಿನಕ್ಕೆ ಅವಳು ಹೋದಳು.

ಹೋದ ತಿಂಗಳು ಶಾಲೆಯ ಅಡುಗೆಮನೆಯಲ್ಲಿ ನಾನು ಒಲೆಯ ಮುಂದಿಂದ ಏಳಲಿಲ್ಲ. ಅನ್ನ, ಸಾರು ಇಳಿಸಿದ ಮೇಲೆ ಪಾತ್ರೆಗೆ ನೀರು ಇಟ್ಟು, ತಟ್ಟೆಗಳಲ್ಲಿ ಗೂಡು ಹರಡಿ, ಮುಚ್ಚಳ ಮುಚ್ಚಿ, ಮುಂದೆಯೇ ಕೂತೆ. ಕೂತರೆ ನಿದ್ದೆ ಬರುವ ವಯಸ್ಸು ಈಗ. ಆದರೂ ಕಣ್ಣು ಮುಚ್ಚಲಿಲ್ಲ. ತೆಗೆದು ನೆರಳಲ್ಲಿ ಹರಡಿ, ದಿನಾ ತಿರುವಿ ಹಾಕಿ, ಒಣಗಿದ ಮೇಲೆ ಒಂದೊಂದನ್ನೂ ಕಿವಿಗೆ ಹಿಡಿದು ಅಲುಗಾಡಿಸಿ ನೋಡಿದೆ. ಗೂಡು ತಂದ ಹುಡುಗಿ ನನ್ನನ್ನು ನೋಡಿ, ಅದೇನ್ ಅಜ್ಜಿ ಫೋನಾ, ಯಾರ ಜೊತೆ ಮಾತಾಡ್ತಿದ್ದೀಯ ಎಂದು ನಕ್ಕಳು. ಹೆಚ್ಚುಕಮ್ಮಿ ಎಲ್ಲವೂ ಗಲಗಲ ಅಂದವು. ಸದ್ದು ಅನುಮಾನವಾದ ಎರಡನ್ನು ಒಲೆಗೆ ಹಾಕಿದೆ.

ಬೀಳ್ಕೊಡುಗೆಯ ದಿನ ಮಕ್ಕಳು ಹಾರ ಹಾಕಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಮೇಷ್ಟರ ಮುಖ ಬಿಟ್ಟು ಅವರ ಎದೆಯ ಮೇಲಿನ ಹಾರವನ್ನೇ ನೋಡುತ್ತಿದ್ದೆ. ಮಾತು, ಹಾಡು, ಹಣ್ಣು, ಶಾಲು ಎಲ್ಲ ಮುಗಿಯುವವರೆಗೂ ನೋಡಿದೆ. ಒಂದು ಗೂಡೂ ಅಲುಗಲಿಲ್ಲ. ಮೇಷ್ಟರು ಆ ಹಾರ ಹಾಕಿಕೊಂಡೇ ಬೈಕು ಹತ್ತಿ ಹೋದರು.

ಪಾತ್ರೆ ತೊಳೆಯುವಾಗ ಲೆಕ್ಕ ಹಾಕಿದೆ. ಒಲೆ ಹಚ್ಚಿದ್ದು, ನೀರು ಕಾದದ್ದು, ಆವಿ ಬಂದದ್ದು, ಇಳಿಸಿದ್ದು. ತಂಗಿ ಹೇಳಿದ್ದು ಸರಿಯಾಗಿಯೇ ಇತ್ತು. ಅರ್ಧ ಗಂಟೆ ಸಾಕಾಗಿತ್ತು.